ಮನೆಯಲ್ಲಿ ದೊಡ್ಡ ರಿಮ್‌ಲೆಸ್ ರೀಫ್ ಟ್ಯಾಂಕ್: ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಪ್ಪುನೀರಿನ ಟ್ಯಾಂಕಿನ ಬಗ್ಗೆ ಸಿಗುವ ಸಲಹೆ ಹೆಚ್ಚಿನದ್ದು ತಂಪು ದೇಶದವರದ್ದು. ನಮ್ಮ ಸೆಕೆ, ಮಳೆಗಾಲದ ಕರೆಂಟು, ಗಾಳಿಯ ತೇವ, ಬಾವಿ ನೀರು, ಹೆಂಚಿನ ಮಾಡು ಇದ್ಯಾವುದೂ ಅಲ್ಲಿ ಬರುವುದಿಲ್ಲ. ಇಲ್ಲಿನವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿದ್ದೇನೆ. ಲೆಕ್ಕಗಳೆಲ್ಲ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ರಿಮ್‌ಲೆಸ್, ಅಂದರೆ ಮೇಲಂಚಿಗೆ ಪಟ್ಟಿ ಇಲ್ಲದ, ಟ್ಯಾಂಕಿನದ್ದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಊರಿನಲ್ಲಿ ಲೈಟಿಗೆ ಅಂತ ತೆಗೆದಿಟ್ಟ ದುಡ್ಡಿನ ಅರ್ಧ ಚಿಲ್ಲರ್‌ಗೆ (ನೀರು ತಂಪು ಮಾಡುವ ಯಂತ್ರ) ಮತ್ತು ಇನ್ವರ್ಟರ್‌ಗೆ ಹೋಗಬೇಕು.

## ಶುರು ಮಾಡುವ ಮೊದಲು

ರೀಫ್ ಟ್ಯಾಂಕ್ ಅಂದ್ರೆ ಎಂತ? ಸಾದಾ ಮೀನಿನ ಟ್ಯಾಂಕಿಗಿಂತ ತುಂಬಾ ಕಷ್ಟವಾ?

ಮೀನು, ಹವಳ, ಸಿಗಡಿ, ಶಂಖದ ಹುಳು ಎಲ್ಲ ಒಟ್ಟಿಗೆ ಬದುಕುವ ಉಪ್ಪುನೀರಿನ ಟ್ಯಾಂಕ್ ಇದು. ಮೀನು ಸಣ್ಣ ಏರುಪೇರು ತಡೆದುಕೊಳ್ಳುತ್ತದೆ, ಹವಳ ಅಷ್ಟು ತಡೆದುಕೊಳ್ಳುವುದಿಲ್ಲ. ಉಪ್ಪಿನ ಹದ, ನೀರಿನ ಬಿಸಿ, ಬೆಳಕು ಇಂದು ಹೇಗಿತ್ತೋ ನಾಳೆಯೂ ಹಾಗೇ ಇರಬೇಕು. ಕಷ್ಟ ಇರುವುದು ಆ ಒಂದೇ ಮಟ್ಟವನ್ನು ತಿಂಗಳುಗಟ್ಟಲೆ ಕಾಯುವುದರಲ್ಲಿ. ದಿನಕ್ಕೆ ಹದಿನೈದು ನಿಮಿಷ, ವಾರಕ್ಕೆ ಒಂದು ಬೆಳಗ್ಗೆ ಕೊಡುವವರಿಗೆ ಇದು ಆಗುವ ಕೆಲಸವೇ.

ಮನೆಯಲ್ಲಿ ಹವಳ ಸಾಕಲಿಕ್ಕೆ ಕಾನೂನು ಬಿಡ್ತದಾ?

ಎಲ್ಲ ಹವಳಕ್ಕೂ ಬಿಡುವುದಿಲ್ಲ. ಇದನ್ನು ತಿಳಿಯದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ಸೇರಿದವು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಕೂಡ ಅದರಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಸಮುದ್ರ ಕುದುರೆ, ಸಮುದ್ರ ಸೌತೆಗಳೂ ಹಾಗೆಯೇ. ಸತ್ತ ಹವಳದ ತುಂಡನ್ನು ಅಲಂಕಾರಕ್ಕೆ ಇಡುವುದೂ ತಪ್ಪು.

2022ರ ತಿದ್ದುಪಡಿಯ ನಂತರ ಇನ್ನೂ ಒಂದು ವಿಷಯ ಸೇರಿದೆ. ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಜೀವಿಗಳನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಗಟ್ಟಿ ಹವಳಗಳು ಆ ಪಟ್ಟಿಯಲ್ಲೂ ಇವೆ. "ಹೊರದೇಶದ್ದು, ಫಾರ್ಮಿನಲ್ಲಿ ಬೆಳೆದದ್ದು" ಅಂತ ಅಂಗಡಿಯವರು ಹೇಳಿದರೆ ಕಾಗದ ಕೇಳಿ. ಕಾಗದ ಇಲ್ಲದಿದ್ದರೆ ಬಿಟ್ಟುಬಿಡಿ. ಅನುಮಾನ ಇದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಆ ಪಟ್ಟಿಗಳಿಗೆ ಸೇರದ ಮೆದು ಜೀವಿಗಳು ಬೇಕಾದಷ್ಟಿವೆ: ಮಶ್ರೂಮ್, ಝೋವಾಂತಿಡ್, ಲೆದರ್ ಹವಳ, ಕ್ಸೀನಿಯಾ, ಕೀನ್ಯಾ ಟ್ರೀ. ಇವುಗಳಿಂದಲೇ ಕಣ್ಣು ತುಂಬುವ ಟ್ಯಾಂಕ್ ಮಾಡಬಹುದು. ಮುಂದಿನ ಉತ್ತರಗಳೆಲ್ಲ ಮೆದು ಹವಳದ ಟ್ಯಾಂಕಿಗೇ ಹೇಳಿದ್ದು.

ಮುರುಡೇಶ್ವರದ ನೇತ್ರಾಣಿಯಲ್ಲಿ ಹವಳ ಉಂಟಂತೆ. ಡೈವಿಂಗಿಗೆ ಹೋದಾಗ ಒಂದು ಸಣ್ಣ ತುಂಡು ತಂದರೆ ಎಂತ ಆಗ್ತದೆ?

ತರಬೇಡಿ. ಅದು ಅಪರಾಧ. ಅದಕ್ಕಿಂತ ದೊಡ್ಡ ಮಾತು, ನಮ್ಮ ರಾಜ್ಯದ ಸಮುದ್ರದಲ್ಲಿ ಹವಳ ಇರುವ ಜಾಗಗಳೇ ಬೆರಳೆಣಿಕೆಯಷ್ಟು. ಒಂದು ಅಂಗೈಯಗಲ ಬೆಳೆಯಲು ಅದಕ್ಕೆ ವರ್ಷಗಳು ಬೇಕು. ಹವಳವನ್ನು ಇಷ್ಟಪಡುವವರೇ ಅದನ್ನು ಕಿತ್ತರೆ ಉಳಿಸುವವರು ಯಾರು? ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲು, ಚಿಪ್ಪುಗಳನ್ನೂ ಅಲ್ಲೇ ಬಿಡಿ.

ಮೊದಲ ಸಲ ಇಡುವುದು. ಸಣ್ಣದರಲ್ಲಿ ಶುರು ಮಾಡಿದರೆ ಒಳ್ಳೆಯದಲ್ವಾ?

ಜೇಬಿಗೆ ಒಳ್ಳೆಯದು, ನೀರಿಗಲ್ಲ. 40 ಲೀಟರ್ ಟ್ಯಾಂಕಿನಲ್ಲಿ ಒಂದು ಮೀನು ಸತ್ತು ಕಲ್ಲಿನ ಹಿಂದೆ ಬಿದ್ದರೆ ಮರುದಿನವೇ ನೀರು ಕೆಡುತ್ತದೆ. 400 ಲೀಟರಿನಲ್ಲಿ ನಿಮಗೆ ಅದನ್ನು ಹುಡುಕಲು ಸಮಯ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನದ ಸೆಕೆಗೂ ದೊಡ್ಡ ಟ್ಯಾಂಕ್ ನಿಧಾನವಾಗಿ ಬಿಸಿಯಾಗುತ್ತದೆ. ಆದರೆ ಆರು ಅಡಿಗೆ ಹಾರಬೇಡಿ. ಪ್ರತಿ ವಾರ ನೀರು ಬದಲಿಸುವುದು ನೀವೇ ಅಲ್ವಾ?

ತಿಂಗಳಿಗೆ ಕರೆಂಟು ಎಷ್ಟು ಯೂನಿಟ್ ಬರಬಹುದು?

ಲೈಟ್ ಸರಾಸರಿ 120 ವ್ಯಾಟಿನಲ್ಲಿ 9 ಗಂಟೆ ಉರಿದರೆ ದಿನಕ್ಕೆ 1.1 ಯೂನಿಟ್. ಸಂಪಿನಿಂದ (ಟ್ಯಾಂಕಿನ ಕೆಳಗಿಡುವ ಎರಡನೇ ತೊಟ್ಟಿ) ನೀರನ್ನು ಮೇಲೆ ಕಳಿಸುವ 50 ವ್ಯಾಟಿನ ರಿಟರ್ನ್ ಪಂಪ್ ಇಡೀ ದಿನ ಓಡಿದರೆ 1.2. ನೀರನ್ನು ಅಲುಗಾಡಿಸುವ ವೇವ್‌ಮೇಕರ್‌ಗಳು ಸೇರಿ 30 ವ್ಯಾಟ್ ಅಂದರೆ 0.7. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ 0.6. ಬೇಸಿಗೆಯಲ್ಲಿ 280 ವ್ಯಾಟಿನ ಚಿಲ್ಲರ್ 10 ಗಂಟೆ ಓಡಿದರೆ 2.8. ಒಟ್ಟು ದಿನಕ್ಕೆ 6.4, ತಿಂಗಳಿಗೆ 190 ಯೂನಿಟ್ ಆಸುಪಾಸು. ಜುಲೈ, ಆಗಸ್ಟಿನಲ್ಲಿ ಚಿಲ್ಲರ್ ಕಡಿಮೆ ಓಡುವುದರಿಂದ 130ಕ್ಕೆ ಇಳಿಯುತ್ತದೆ. ಕರೆಂಟು ತಿನ್ನುವುದು ಲೈಟ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ತಿನ್ನುವುದು ಸೆಕೆ.

## ಗಾಜು, ಸ್ಟ್ಯಾಂಡ್, ಜಾಗ

ಮೇಲೆ ಪಟ್ಟಿಯೇ ಇಲ್ಲದ ಟ್ಯಾಂಕ್ ಒಡೆಯುವುದಿಲ್ವಾ?

ಗಾಜಿನ ದಪ್ಪ ಸರಿಯಿದ್ದರೆ ಒಡೆಯುವುದಿಲ್ಲ. ಸಾದಾ ಟ್ಯಾಂಕಿನಲ್ಲಿ ಮೇಲಿನ ಪಟ್ಟಿ ಗಾಜು ಹೊರಗೆ ಬಾಗದಂತೆ ಹಿಡಿಯುತ್ತದೆ. ರಿಮ್‌ಲೆಸ್‌ನಲ್ಲಿ ಆ ಕೆಲಸವನ್ನು ಗಾಜಿನ ದಪ್ಪ ಮತ್ತು ಮೂಲೆಯ ಸಿಲಿಕಾನ್ ಎರಡೇ ಮಾಡಬೇಕು. 4 ಅಡಿ ಉದ್ದ, 2 ಅಡಿ ಎತ್ತರಕ್ಕೆ 15 ಮಿ.ಮೀ. ಗಾಜನ್ನೇ ಹಾಕಿಸಿ. 12 ಸಾಕು ಅಂತ ಹೇಳುವವರು ಸಿಗುತ್ತಾರೆ. ಎತ್ತರ ಒಂದೂವರೆ ಅಡಿಗೆ ಇಳಿಸಿದರೆ ಆ ಮಾತು ಒಪ್ಪಬಹುದು. ಎತ್ತರ ಇಳಿಸುವುದು ನನಗೂ ಇಷ್ಟ. ಕೈ ತಳಕ್ಕೆ ಮುಟ್ಟುತ್ತದೆ, ಬೆಳಕೂ ಸುಲಭವಾಗಿ ತಲುಪುತ್ತದೆ.

ಮುಂದಿನ ಮತ್ತು ಪಕ್ಕದ ಗಾಜಿಗೆ ಕಬ್ಬಿಣಾಂಶ ಕಡಿಮೆ ಇರುವ ಎಕ್ಸ್‌ಟ್ರಾ ಕ್ಲಿಯರ್ ಗಾಜು ತಗೊಳ್ಳಿ, ಹಸಿರು ಛಾಯೆ ಇರುವುದಿಲ್ಲ. ಟಫನ್ ಮಾಡಿದ ಗಾಜಿಗೆ ಆಮೇಲೆ ತೂತು ಹಾಕಲು ಆಗುವುದಿಲ್ಲ, ಪುಡಿಯಾಗುತ್ತದೆ. ಬೆಂಗಳೂರಿನಲ್ಲಿ ಕಟ್ಟಿಸಿ ಶಿರಾಡಿ ಘಾಟಿಯಲ್ಲಿ ಇಳಿಸುವುದಕ್ಕಿಂತ, ಗಾಜು ಕತ್ತರಿಸಿ ತಂದು ಇಲ್ಲೇ ಅಂಟಿಸುವವರು ಸಿಕ್ಕಿದರೆ ಒಳ್ಳೆಯದು. ಅಂಟಿಸಿ ಒಂದು ವಾರ ಬಿಡಿ. ನಂತರ ಅಂಗಳದಲ್ಲಿ ನೀರು ತುಂಬಿಸಿ ಮೂರ್ನಾಲ್ಕು ದಿನ ನೋಡಿ. ಆಮೇಲೆ ಒಳಗೆ ತನ್ನಿ.

ನಾವು ಅಪಾರ್ಟ್‌ಮೆಂಟಿನ 4ನೇ ಮಹಡಿಯಲ್ಲಿ ಇರುವುದು. ಸ್ಲ್ಯಾಬ್ ತಡೆಯುತ್ತದಾ?

ನೀರು 410 ಕೆ.ಜಿ., ಗಾಜು 108, ಕಲ್ಲು 30–40, ಉಳಿದದ್ದು ಸ್ಟ್ಯಾಂಡ್ ಮತ್ತು ಸಂಪ್. ಒಟ್ಟು 700 ಕೆ.ಜಿ. ಅಂತ ಇಟ್ಟುಕೊಳ್ಳಿ. ಇದು ಕೂರುವ ಜಾಗ ಮುಕ್ಕಾಲು ಚದರ ಮೀಟರಿಗೂ ಕಡಿಮೆ. ವಾಸದ ಮನೆಯ ಸ್ಲ್ಯಾಬ್‌ಗೆ ಭಾರತೀಯ ಮಾನಕದಲ್ಲಿ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕೆ.ಜಿ. ಅದು ಇಡೀ ಕೋಣೆಗೆ ಹರಡಿದ ಭಾರದ ಲೆಕ್ಕ. ಹಾಗಾಗಿ ಇಟ್ಟ ತಕ್ಷಣ ಕುಸಿಯುತ್ತದೆ ಅಂತಲ್ಲ, ಆದರೆ ಇಡುವ ಜಾಗ ಮುಖ್ಯ. ತೊಲೆಯ ಮೇಲೆ ಅಥವಾ ಭಾರ ಹೊರುವ ಗೋಡೆಗೆ ಒತ್ತಿ ಇಡಬೇಕು. ಕೋಣೆಯ ನಡುವೆ ಬೇಡ, ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಕಟ್ಟಡದ ನಕ್ಷೆ ಹಿಡಿದು ಸಿವಿಲ್ ಇಂಜಿನಿಯರ್ ಒಬ್ಬರನ್ನು ಕೇಳಿ. ಕೆಳಗಿನ ಮನೆಯವರ ನೆಮ್ಮದಿಯೂ ಇದರಲ್ಲಿದೆ.

ಸ್ಟ್ಯಾಂಡ್ ಮರದ್ದಾ, ಕಬ್ಬಿಣದ್ದಾ?

ನಮ್ಮ ಹವೆಗೆ ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಅದಕ್ಕೆ ಎಪಾಕ್ಸಿ ಪೇಂಟ್. ಸಾದಾ ಪ್ಲೈವುಡ್ ಉಪ್ಪುನೀರು ಕುಡಿದು ಉಬ್ಬುತ್ತದೆ, ಗೆದ್ದಲಿನ ಕಾಟ ಬೇರೆ. ಹೊರಗಿನ ಬಾಗಿಲಿಗೆ 710 ಗ್ರೇಡಿನ ಮರೈನ್ ಪ್ಲೈ ಹಾಕಬಹುದು. ಹಿಂದುಗಡೆ ತೆರೆದಿಡಿ, ಗಾಳಿಯಾಡಲಿ. ಸ್ಟ್ಯಾಂಡ್ ಮಟ್ಟವಾಗಿರಬೇಕು. ರಿಮ್‌ಲೆಸ್‌ನಲ್ಲಿ ಒಂದು ಮೂಲೆ ತಗ್ಗಿದರೂ ನೀರಿನ ಗೆರೆಯೇ ಹೇಳಿಕೊಡುತ್ತದೆ. ಗಾಜಿನ ಕೆಳಗೆ ತೆಳು ಫೋಮ್ ಶೀಟ್ ಹಾಸಿ.

ಕರೆಂಟು ಹೋದಾಗ ಸಂಪ್ ತುಂಬಿ ನೆಲವೆಲ್ಲ ನೀರು. ಎಲ್ಲಿ ತಪ್ಪಿದೆ?

ಪಂಪ್ ನಿಂತಾಗ ಮೇಲಿನ ನೀರು ಓವರ್‌ಫ್ಲೋ (ನೀರು ಸಂಪಿಗೆ ಇಳಿಯುವ ಬಾಯಿ) ಅಂಚಿನವರೆಗೂ, ರಿಟರ್ನ್ ಪೈಪಿನ ಬಾಯಿಯವರೆಗೂ ಕೆಳಗೆ ಇಳಿಯುತ್ತದೆ. 4×2 ಅಡಿ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 7 ಲೀಟರ್. ಐದು ಸೆಂಟಿಮೀಟರ್ ಅಂದರೆ 36. ಸಂಪಿನಲ್ಲಿ ಅಷ್ಟು ಖಾಲಿ ಜಾಗ ಇರಲೇಬೇಕು. ರಿಟರ್ನ್ ಪೈಪಿನ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಇಡಿ, ಆಗ ಬೇಗ ಗಾಳಿ ಎಳೆದು ನಿಲ್ಲುತ್ತದೆ. ಬರೇ ನಾನ್ ರಿಟರ್ನ್ ವಾಲ್ವ್ ನಂಬಬೇಡಿ, ಒಂದು ಸಣ್ಣ ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ನೀರು ಇಳಿಯುವ ಪೈಪ್ ಎರಡು ಇರಲಿ. ಒಂದು ಕಟ್ಟಿಕೊಂಡರೆ ಇನ್ನೊಂದು ಕಾಪಾಡಲಿ.

ಹಾಗೆಯೇ ಈ ಇಡೀ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ವಯರುಗಳು ಪ್ಲಗ್‌ಗಿಂತ ಕೆಳಗೆ ಜೋತು ಮೇಲೆ ಬರಲಿ, ಹನಿ ಅಲ್ಲೇ ಬೀಳುತ್ತದೆ.

ಮೇಲೆ ಮುಚ್ಚಳ ಇಲ್ಲದಿದ್ದರೆ ಮೀನು ಹಾರುವುದಿಲ್ವಾ? ಹಲ್ಲಿ, ಧೂಳು ಬೀಳುವುದಿಲ್ವಾ?

ಹಾರುತ್ತವೆ. ಫೈರ್‌ಫಿಶ್, ರಾಸ್, ಗೋಬಿಗಳು ರಾತ್ರಿ ಬೆದರಿ ಹಾರಿ ಬೆಳಗ್ಗೆ ನೆಲದ ಮೇಲೆ ಸಿಗುತ್ತವೆ. ಗಾಜಿನ ಮುಚ್ಚಳ ಹಾಕಿದರೆ ಬಿಸಿ ಒಳಗೇ ಉಳಿಯುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಚೌಕಟ್ಟು ಮಾಡುವವರ ಹತ್ತಿರ ಅಳತೆ ಕೊಟ್ಟು, ಕಾಲು ಇಂಚು ಕಣ್ಣಿನ ಪಾರದರ್ಶಕ ಬಲೆ ಹಾಕಿಸಿಕೊಳ್ಳಿ. ಹೆಂಚಿನ ಮನೆಯಾದರೆ ಟ್ಯಾಂಕಿನ ಮೇಲ್ಗಡೆಗೆ ಮಾತ್ರವಾದರೂ ಸೀಲಿಂಗ್ ಶೀಟ್ ಬೇಕು.

ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಬಹುದಾ?

ಬೇಡ. ಬತ್ತಿ, ಲಿಕ್ವಿಡ್, ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ವಿಷ ಮೀನಿಗೂ ಸಿಗಡಿಗೂ ತೀರಾ ಕೆಟ್ಟದ್ದು. ರಿಮ್‌ಲೆಸ್ ಟ್ಯಾಂಕ್ ತೆರೆದೇ ಇರುತ್ತದೆ, ಸ್ಕಿಮ್ಮರ್ ಬೇರೆ ಕೋಣೆಯ ಗಾಳಿಯನ್ನು ನೀರಿಗೆ ತುಂಬುತ್ತದೆ. ಕಿಟಕಿಗೆ ಪರದೆ ಹಾಕಿ, ಮಲಗುವಲ್ಲಿ ಸೊಳ್ಳೆ ಪರದೆ ಕಟ್ಟಿ.

## ನೀರು, ಕಲ್ಲು, ಸೆಕೆ

ಸಮುದ್ರ ಮನೆಯಿಂದ ಐದು ನಿಮಿಷ. ಕ್ಯಾನಿನಲ್ಲಿ ಆ ನೀರೇ ತಂದರೆ ಸಾಕಲ್ವಾ?

ತುಂಬಾ ಸಹಜವಾದ ಪ್ರಶ್ನೆ, ಆದರೆ ನನ್ನ ಉತ್ತರ ಬೇಡ ಅಂತಲೇ. ನಮ್ಮ ದಡದ ನೀರು ಹವಳ ದಿಬ್ಬದ ನೀರಲ್ಲ. ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಒಟ್ಟಿಗೆ ಬಂದು ಕಡಲು ಸೇರುತ್ತವೆ. ಉಡುಪಿಯ ಕಡೆ ಸ್ವರ್ಣಾ, ಸೀತಾ, ಉದ್ಯಾವರ ಹೊಳೆ. ಜೂನ್ ಬಂತೆಂದರೆ ಅಳಿವೆಯ ಹತ್ತಿರ ಉಪ್ಪಿನಂಶ ಕುಸಿಯುತ್ತದೆ, ನೀರು ಕೆಂಪಾಗುತ್ತದೆ. ಹೊಳೆಯ ಜೊತೆ ಗದ್ದೆಯ ಗೊಬ್ಬರ, ಊರಿನ ಚರಂಡಿ, ಬಂದರಿನ ಎಣ್ಣೆ ಎಲ್ಲವೂ ಬರುತ್ತದೆ. ಬೇಸಿಗೆಯಲ್ಲಿ ದೋಣಿಯಲ್ಲಿ ದೂರ ಹೋದರೆ ಒಳ್ಳೆಯ ನೀರು ಸಿಗಬಹುದು. ಆದರೆ ವರ್ಷದಲ್ಲಿ ಅರ್ಧ ಕಾಲ ಮಾತ್ರ ಸಿಗುವ ನೀರನ್ನು ನಂಬಿ ಟ್ಯಾಂಕ್ ನಡೆಸಲು ಆಗುವುದಿಲ್ಲ.

ಪ್ಯಾಕೆಟಿನ ರೀಫ್ ಉಪ್ಪು ಬಳಸಿ. ಸಂಪ್ ಸೇರಿ ಸುಮಾರು 470 ಲೀಟರಿಗೆ ಮೊದಲ ಸಲ 17–18 ಕೆ.ಜಿ. ಬೇಕು. ನಂತರ ವಾರಕ್ಕೆ ಹತ್ತರಲ್ಲಿ ಒಂದು ಪಾಲು ಬದಲಿಸಿದರೆ ಒಂದೂ ಮುಕ್ಕಾಲು ಕೆ.ಜಿ. ಉಪ್ಪಿನಂಶ ಸಾವಿರಕ್ಕೆ 35, ಅಂದರೆ ಸಾಂದ್ರತೆ 1.026ರ ಆಸುಪಾಸು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಸಾದಾ ನೀರಿನಲ್ಲಿ ಸೊನ್ನೆಗೆ ಕೂರಿಸುವುದಕ್ಕಿಂತ 35ರ ದ್ರಾವಣದಲ್ಲಿ ಸರಿಹೊಂದಿಸಿ.

ನಮ್ಮ ಬಾವಿ ನೀರಿನ ಟಿಡಿಎಸ್ 60 ಮಾತ್ರ. ಅದಕ್ಕೂ ಆರ್‌ಒ ಬೇಕಾ?

ಬೇಕು. ಟಿಡಿಎಸ್ ಮೀಟರ್ ಎಷ್ಟು ಕರಗಿದೆ ಅಂತ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಕೆಂಪುಕಲ್ಲಿನ ನೆಲದ ಬಾವಿಯಲ್ಲಿ ಕಬ್ಬಿಣ ಇರಬಹುದು. ತೋಟದ ಪಕ್ಕದ ಬಾವಿಯಲ್ಲಿ ನೈಟ್ರೇಟ್ ಇರಬಹುದು. ಅಡಿಕೆಗೆ ಹೊಡೆದ ಬೋರ್ಡೊ ದ್ರಾವಣದ ತಾಮ್ರ ಒಂದಿಷ್ಟು ಇದ್ದರೂ ಸಿಗಡಿ ಸಾಯುತ್ತದೆ. ಆರ್‌ಒ ನಂತರ ಡಿಐ (ಉಳಿದ ಲವಣ ಹೀರುವ) ರಾಳದ ಕೊಳವೆ ಹಾಕಿ ಟಿಡಿಎಸ್ ಸೊನ್ನೆಗೆ ತನ್ನಿ. ಅಡುಗೆಮನೆಯ ಆರ್‌ಒ ಆಗುವುದಿಲ್ಲ, ಅದು ಕೊನೆಗೆ ಖನಿಜ ಸೇರಿಸಿ ಕೊಡುತ್ತದೆ.

ದಿನವೂ ಆವಿಯಾದಷ್ಟನ್ನು ತುಂಬಿಸುವುದೂ ಇದೇ ಸಿಹಿನೀರಿನಿಂದ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಲೀಟರ್ ಹೋಗುತ್ತದೆ. ಆಟೋ ಟಾಪ್‌ಅಪ್ ಒಂದನ್ನು ಮೊದಲ ದಿನದಿಂದಲೇ ಹಾಕಿ.

ಕಲ್ಲಿಗೆ ದುಡ್ಡು ಯಾಕೆ, ಮುರಕಲ್ಲು ಹಾಕಿದರೆ ಆಗುವುದಿಲ್ವಾ? ನೋಡಲಿಕ್ಕೂ ತೂತು ತೂತು ಉಂಟು.

ನೋಟಕ್ಕೆ ಹೊಂದುತ್ತದೆ ನಿಜ. ಆದರೆ ಮುರಕಲ್ಲು ಕಬ್ಬಿಣದ ಆಗರ, ನೀರಿನಲ್ಲಿ ಪುಡಿಯೂ ಬಿಡುತ್ತದೆ. ಕಬ್ಬಿಣ ಸಿಕ್ಕಿದರೆ ಪಾಚಿ ಹಬ್ಬ ಮಾಡುತ್ತದೆ. ಸಮುದ್ರದಿಂದ ತೆಗೆದ ಲೈವ್ ರಾಕ್ (ಜೀವಿಗಳು ಅಂಟಿದ ಕಲ್ಲು) ಬಹುಪಾಲು ಹವಳದ ಅಸ್ಥಿಯೇ, ಅದು ಕಾನೂನಿಗೆ ಸಿಕ್ಕಿಹಾಕಿಸುತ್ತದೆ. ಮನುಷ್ಯರು ಮಾಡಿದ ಸೆರಾಮಿಕ್ ಅಥವಾ ಒಣ ರೀಫ್ ಕಲ್ಲು 30 ಕೆ.ಜಿ. ಸಾಕು. ಗೋಡೆಯ ಹಾಗೆ ಪೇರಿಸಬೇಡಿ, ಹಿಂದೆ ನೀರು ಓಡಾಡಲು ಜಾಗ ಬಿಡಿ. ಮರಳು ಹಾಕುವ ಮೊದಲೇ ಕಲ್ಲನ್ನು ತಳಕ್ಕೆ ಕೂರಿಸಿ.

ನೀರು ತುಂಬಿಸಿದ ಎಷ್ಟು ದಿನಕ್ಕೆ ಮೀನು ಬಿಡಬಹುದು?

ನಾಲ್ಕರಿಂದ ಆರು ವಾರ. ಕ್ಯಾಲೆಂಡರ್ ನೋಡಬೇಡಿ, ಪರೀಕ್ಷೆ ಮಾಡಿ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು (ಮೀನಿನ ಕಸದಿಂದ ಬರುವ ವಿಷ) 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎರಡು ಪಾಲು) ತನ್ನಿ, ಬಾಟಲಿಯ ಬ್ಯಾಕ್ಟೀರಿಯಾ ಸೇರಿಸಿ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. 2 ಪಿಪಿಎಂ ಹಾಕಿದ್ದು ಒಂದು ದಿನದೊಳಗೆ ಸೊನ್ನೆಯಾದರೆ ಟ್ಯಾಂಕ್ ತಯಾರು. ಅಷ್ಟು ದಿನವೂ ಲೈಟ್ ಆರಿಸಿಯೇ ಇಡಿ. ಹವಳವೇ ಇಲ್ಲದಲ್ಲಿ ಬೆಳಕು ಕೊಟ್ಟರೆ ಲಾಭ ಪಾಚಿಗೆ. ಮೊದಲು ಒಂದು ಜೋಡಿ ಕ್ಲೌನ್ ಮೀನು ಬಿಡಿ. ಮರಿ ಮಾಡಿಸಿ ಬೆಳೆಸಿದ್ದನ್ನೇ ಕೇಳಿ ತನ್ನಿ, ನಮ್ಮ ದೇಶದಲ್ಲೇ ಅವನ್ನು ಮರಿ ಮಾಡಿಸುತ್ತಾರೆ.

ಚಿಲ್ಲರ್ ಇಲ್ಲದೆ ಫ್ಯಾನ್ ಹಾಕಿ ಸುಧಾರಿಸಬಹುದಾ?

ಒಣ ಊರಿನಲ್ಲಿ ಆಗುತ್ತದೆ. ನೀರಿನ ಮೇಲೆ ಗಾಳಿ ಬೀಸಿದರೆ ನೀರು ಆವಿಯಾಗಿ ತಣ್ಣಗಾಗುವುದು ಫ್ಯಾನಿನ ಗುಟ್ಟು. ನಮ್ಮ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಆವಿಯಾಗಲು ಜಾಗವಿಲ್ಲ. ತೀರಾ ಬೇಕಾದ ಮೇ ತಿಂಗಳಿನಲ್ಲೇ ಅದು ಕೈಕೊಡುತ್ತದೆ. ಕೋಣೆ 33 ಡಿಗ್ರಿ ಇರುವಾಗ ನೀರನ್ನು 26ರಲ್ಲಿ ಇಡಬೇಕಾದರೆ ಚಿಲ್ಲರ್ ಬೇಕು. ಈ ಅಳತೆಗೆ ಸಾಮಾನ್ಯವಾಗಿ ಕಾಲು ಎಚ್‌ಪಿ ಸಾಕಾಗುತ್ತದೆ. ಅದನ್ನು ಸ್ಟ್ಯಾಂಡಿನ ಒಳಗೆ ಮುಚ್ಚಿಡಬೇಡಿ. ಚಿಲ್ಲರ್ ನೀರಿನಿಂದ ತೆಗೆದ ಬಿಸಿಯನ್ನು ತನ್ನ ಸುತ್ತ ಚೆಲ್ಲುತ್ತದೆ. ಪೈಪ್ ಎಳೆದು ಯುಟಿಲಿಟಿ ಕಡೆಗೋ ನೆರಳಿರುವ ಜಗಲಿಗೋ ಇಡಲು ಆದರೆ ತುಂಬಾ ಒಳ್ಳೆಯದು.

## ಬೆಳಕು

ಹವಳಕ್ಕೆ ಲೈಟ್ ಯಾಕೆ ಬೇಕು? ಅದು ಪ್ರಾಣಿ ಅಲ್ವಾ?

ಪ್ರಾಣಿಯೇ. ಆದರೆ ಅದರ ಮೈಯೊಳಗೆ ಝೂಝ್ಯಾಂಥೆಲೆ ಎಂಬ ಒಂಟಿಕೋಶದ ಪಾಚಿ ವಾಸ ಮಾಡುತ್ತದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಇರಲು ಜಾಗ, ತನ್ನ ಕಸದಿಂದ ಗೊಬ್ಬರ ಕೊಡುತ್ತದೆ. ನಾವು ಲೈಟ್ ಕೊಡುವುದು ಆ ಪಾಚಿಗೆ.

ಎಲ್ಲರ ಟ್ಯಾಂಕೂ ನೀಲಿ ನೀಲಿ. ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಆಗುವುದಿಲ್ವಾ?

ನೀರು ಕೆಂಪು ಬೆಳಕನ್ನು ಮೇಲಿನ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಹವಳದ ಪಾಚಿಯ ಬಣ್ಣಗಳು 400ರಿಂದ 480 ನ್ಯಾನೋಮೀಟರಿನ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಹವಳದ ಹಸಿರು, ಕಿತ್ತಳೆ ಬಣ್ಣ ಹೊಳೆಯುವುದೂ ನೀಲಿಯಲ್ಲೇ. ಹಾಗಂತ ಪೂರ್ತಿ ನೀಲಿ ಮಾಡಿದರೆ ಮೀನಿನ ನಿಜವಾದ ಬಣ್ಣ ಕಾಣುವುದಿಲ್ಲ, ಕಣ್ಣಿಗೂ ಆಯಾಸ. ನೀಲಿ ಮುಂದಿಟ್ಟು ಬಿಳಿಯನ್ನು ಅದರ ಕಾಲು ಭಾಗದಷ್ಟು ಸೇರಿಸಿ. ಮನೆಯ ಟ್ಯೂಬ್‌ಲೈಟ್‌ನಲ್ಲಿ ಈ ನೀಲಿ ತೀರಾ ಕಡಿಮೆ.

ಎಲ್‌ಇಡಿ, ಟಿ5, ಮೆಟಲ್ ಹಾಲೈಡ್ ಇದರಲ್ಲಿ ಯಾವುದು?

ಇಲ್ಲಿಗೆ ಎಲ್‌ಇಡಿ. ಮೆಟಲ್ ಹಾಲೈಡ್ ಬಲ್ಬಿನ ಮಿನುಗು ನಿಜಕ್ಕೂ ಚಂದ, ಆದರೆ ಅದರ ಬಿಸಿಯನ್ನು ತೆಗೆಯಲು ಚಿಲ್ಲರ್‌ಗೆ ಮತ್ತೆ ಕರೆಂಟು ಕೊಡಬೇಕು. ಟಿ5 (ತೆಳು ಟ್ಯೂಬ್‌ಲೈಟ್) ಬೆಳಕನ್ನು ಸಮವಾಗಿ ಹರಡುತ್ತದೆ, ನೆರಳೇ ಇರುವುದಿಲ್ಲ. ಆದರೆ ಟ್ಯೂಬನ್ನು 9–12 ತಿಂಗಳಿಗೊಮ್ಮೆ ಬದಲಿಸಬೇಕು, ಈಗ ಸಿಗುವುದೂ ಕಷ್ಟ.

4 ಅಡಿ ಟ್ಯಾಂಕಿಗೆ ಎಷ್ಟು ವ್ಯಾಟ್ ಬೇಕು? ಅಂಗಡಿಯಲ್ಲಿ 400 ಅಂದರು.

ವ್ಯಾಟ್ ಎಂಬುದು ಕರೆಂಟಿನ ಲೆಕ್ಕ. ಹವಳಕ್ಕೆ ತಲುಪುವ ಬೆಳಕಿನ ಲೆಕ್ಕ ಪಾರ್. ಮಶ್ರೂಮಿಗೆ 50–80 ಸಾಕು. ಝೋವಾಂತಿಡ್, ಲೆದರ್‌ಗೆ 80–150. 250–350 ಬೇಕಾಗುವುದು ಕವಲೊಡೆಯುವ ಗಟ್ಟಿ ಹವಳಕ್ಕೆ, ಅದು ನಮ್ಮ ಟ್ಯಾಂಕಿನಲ್ಲಿ ಇಲ್ಲ. ಹಾಗಿರುವಾಗ 400 ವ್ಯಾಟ್ ಯಾಕೆ? 100–130 ವ್ಯಾಟಿನ ಒಳ್ಳೆಯ ಎಲ್‌ಇಡಿ ಎರಡು ತಗೊಂಡು ಅರ್ಧದಷ್ಟು ಶಕ್ತಿಯಲ್ಲಿ ಉರಿಸಿ. ತಂಪಾಗಿ ಓಡುತ್ತದೆ, ಬಾಳಿಕೆಯೂ ಬರುತ್ತದೆ.

ಒಂದೇ ಜೋರಾದ ಲೈಟನ್ನು ನಡುವೆ ಹಾಕಬೇಡಿ. ನಡುವೆ ಸುಡುತ್ತದೆ, ಮೂಲೆ ಕತ್ತಲು. ಎರಡು ಲೈಟ್ ಇದ್ದರೆ ತಲಾ 2×2 ಅಡಿ ಹಂಚಿಕೊಳ್ಳುತ್ತವೆ. ಟ್ಯಾಂಕಿನ ಅಂದ ಇರುವುದು ಸಮವಾಗಿ ಹರಡಿದ ಬೆಳಕಿನಲ್ಲಿ.

ಲೈಟನ್ನು ಎಷ್ಟು ಎತ್ತರಕ್ಕೆ, ಎಲ್ಲಿಂದ ತೂಗುಹಾಕುವುದು?

ನೀರಿನಿಂದ 25–30 ಸೆಂ.ಮೀ. ಮೇಲೆ. ಕೆಳಗಿಳಿಸಿದರೆ ಬೆಳಕು ಹರಡುವುದಿಲ್ಲ, ಉಪ್ಪಿನ ಹನಿಯೂ ಸಿಡಿಯುತ್ತದೆ. ತೀರಾ ಮೇಲೆ ಏರಿಸಿದರೆ ಸೋಫಾದಲ್ಲಿ ಕೂತವರ ಕಣ್ಣಿಗೆ ಹೊಡೆಯುತ್ತದೆ. ರಿಮ್‌ಲೆಸ್‌ನಲ್ಲಿ ಮರೆ ಇಲ್ಲವಲ್ಲ, ಲೈಟಿಗೆ ಕಪ್ಪು ಅಂಚು ಕಟ್ಟಿದರೆ ಇದು ಸರಿಯಾಗುತ್ತದೆ. ಆರ್‌ಸಿಸಿ ಸ್ಲ್ಯಾಬ್‌ಗೆ ಆಂಕರ್ ಬೋಲ್ಟ್ ಹೊಡೆದು ಸ್ಟೀಲ್ ತಂತಿ ಇಳಿಸಿ. ಹೆಂಚಿನ ಮನೆಯಲ್ಲಿ ಪಕ್ಕಾಸಿಗೆ ಕಟ್ಟಬಹುದು, ರೀಪಿಗೆ ಕಟ್ಟಬೇಡಿ. ಪಕ್ಕಾಸಿಗೆ ಹುಳು ಹಿಡಿದಿದೆಯಾ ಅಂತ ಮೊದಲು ತಟ್ಟಿ ನೋಡಿ.

ನಮ್ಮ ತೇವದಲ್ಲಿ ಲೈಟಿನ ಗಾಜಿಗೆ ಉಪ್ಪಿನ ಪೊರೆ ಬೇಗ ಕೂರುತ್ತದೆ. ಬೆಳಕು ಗೊತ್ತಿಲ್ಲದೆಯೇ ಕಡಿಮೆಯಾಗುತ್ತಾ ಹೋಗುತ್ತದೆ. ವಾರಕ್ಕೊಮ್ಮೆ, ಲೈಟ್ ಆರಿಸಿ ತಣಿದ ಮೇಲೆ, ಆರ್‌ಒ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ. ಒಳಗಿನ ಫ್ಯಾನಿನ ರೆಕ್ಕೆಯನ್ನೂ ಬ್ರಷ್‌ನಿಂದ ತಿಕ್ಕಿ.

ದಿನಕ್ಕೆ ಎಷ್ಟು ಗಂಟೆ ಹಾಕಬೇಕು?

ಒಟ್ಟು 9 ಗಂಟೆ. ಮೊದಲ ಮತ್ತು ಕೊನೆಯ ಗಂಟೆ ನಿಧಾನವಾಗಿ ಏರುವ, ಇಳಿಯುವ ಬೆಳಕು. ನಾನು ಹೇಳುವುದು ಮಧ್ಯಾಹ್ನ 1ರಿಂದ ರಾತ್ರಿ 10. ಜೋರು ಬೆಳಕು ಸಂಜೆಗೆ ಬಂದರೆ ಮಧ್ಯಾಹ್ನದ ಸೆಕೆಯ ಜೊತೆ ಸೇರುವುದಿಲ್ಲ. ಕೆಲಸ ಮುಗಿಸಿ ಬಂದವರಿಗೆ ನೋಡಲೂ ಸಿಗುತ್ತದೆ. ರಾತ್ರಿ ಪೂರ್ತಿ ಕತ್ತಲು ಇರಲಿ, ಮೂನ್‌ಲೈಟ್ ಬೇಕಾಗಿಲ್ಲ.

ಕಿಟಕಿಯ ಬಿಸಿಲು ಬಿದ್ದರೆ ಲೈಟಿನ ಖರ್ಚು ಉಳಿಯುವುದಿಲ್ವಾ?

ಪಡುವಣದ ಕಿಟಕಿಯಾದರೆ ಪರದೆ ಎಳೆಯಿರಿ. ಬಿಸಿಲು ಗಾಜಿನ ಮೇಲೆ ಪಾಚಿ ತರುತ್ತದೆ, ನೀರನ್ನೂ ಬಿಸಿ ಮಾಡುತ್ತದೆ. ಬೆಳಗ್ಗಿನ ಎಳೆ ಬಿಸಿಲು ಸ್ವಲ್ಪ ಬಿದ್ದರೆ ತೊಂದರೆಯಿಲ್ಲ, ಆದರೆ ಜೂನ್‌ನಿಂದ ಅದೂ ಇರುವುದಿಲ್ಲ.

ಹೊಸ ಲೈಟ್ ಹಾಕಿದ ಮೇಲೆ ಒಂದು ಹವಳ ಬೆಳ್ಳಗಾಗಿದೆ, ಇನ್ನೊಂದು ಕಂದು. ಬೆಳಕು ಜಾಸ್ತಿಯಾ, ಕಡಿಮೆಯಾ?

ಬೆಳ್ಳಗಾದದ್ದಕ್ಕೆ ಬೆಳಕು ಜಾಸ್ತಿಯಾಗಿರಬಹುದು. ಒಮ್ಮೆಲೇ ಹೆಚ್ಚಿದ ಬೆಳಕಿಗೆ ಹವಳ ತನ್ನ ಪಾಚಿಯನ್ನು ಹೊರಹಾಕಿದೆ. ಬಿಸಿ ಏರಿದರೂ ಹೀಗೇ ಆಗುತ್ತದೆ, ಹಾಗಾಗಿ ಥರ್ಮಾಮೀಟರ್ ಮೊದಲು ನೋಡಿ. ಕಂದಾದದ್ದಕ್ಕೆ ಬೆಳಕು ಕಡಿಮೆ ಅಥವಾ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಜಾಸ್ತಿ. ಮೇಲಿನ ಕಲ್ಲಿನದ್ದು ಬೆಳ್ಳಗೆ, ಕೆಳಗಿನದ್ದು ಕಂದು ಆಗಿದ್ದರೆ ಇವೆರಡನ್ನು ಜಾಗ ಬದಲಿಸಿದರೇ ಅರ್ಧ ಕೆಲಸ ಮುಗಿಯಿತು. ಲೈಟನ್ನು 30 ಶೇಕಡಾಕ್ಕೆ ಇಳಿಸಿ, ವಾರಕ್ಕೆ 5 ಶೇಕಡಾದಂತೆ ಏರಿಸಿ. ಒಂದೇ ದಿನ ಎರಡು ಸಂಗತಿ ಬದಲಿಸಬೇಡಿ. ಬೆಳ್ಳಗಾದ ಹವಳ ಸತ್ತಿಲ್ಲ, ಮಾಂಸ ಇದ್ದರೆ ಚೇತರಿಸಿಕೊಳ್ಳುತ್ತದೆ.

ಫೋನಿನ ಆಪ್‌ನಲ್ಲಿ ಪಾರ್ ಅಳೆಯಬಹುದಾ?

ನಂಬಬೇಡಿ. ಫೋನಿನ ಸಂವೇದಕ ಮನುಷ್ಯನ ಕಣ್ಣಿನ ಹಾಗೆ ಹಸಿರಿಗೆ ಹೆಚ್ಚು ಬೆಲೆ ಕೊಡುತ್ತದೆ, ನೀಲಿಯನ್ನು ಕಡಿಮೆ ತೋರಿಸುತ್ತದೆ. ನಿಜವಾದ ಪಾರ್ ಮೀಟರ್ ದುಬಾರಿ, ನಾಲ್ಕೈದು ಜನ ಸೇರಿ ಒಂದು ತಗೊಳ್ಳಿ. ನೀರಿನ ಒಳಗೆ ಎಡ, ನಡು, ಬಲ, ಮೇಲೆ, ಕೆಳಗೆ ಅಳೆದು ಕಾಗದದಲ್ಲಿ ಬರೆದಿಟ್ಟುಕೊಂಡರೆ ಯಾವ ಹವಳ ಎಲ್ಲಿ ಅಂತ ಸುಮ್ನೆ ಊಹಿಸಬೇಕಾಗಿಲ್ಲ.

## ಸ್ವಲ್ಪ ಮುಂದೆ ಹೋದವರಿಗೆ

ಮಳೆಗಾಲದಲ್ಲಿ ಮರ ಬಿದ್ದು ಇಡೀ ರಾತ್ರಿ ಕರೆಂಟು ಇರುವುದಿಲ್ಲ. ಇನ್ವರ್ಟರ್‌ಗೆ ಯಾವುದೆಲ್ಲ ಕೊಡಬೇಕು?

ಒಂದು ವೇವ್‌ಮೇಕರ್, ಅಷ್ಟೇ. ಮೊದಲು ಸಾಯಿಸುವುದು ಆಮ್ಲಜನಕದ ಕೊರತೆ. ನೀರಿನ ಮೇಲ್ಮೈ ಅಲುಗಾಡುತ್ತಿದ್ದರೆ ರಾತ್ರಿ ಕಳೆಯುತ್ತದೆ. 15 ವ್ಯಾಟಿನ ವೇವ್‌ಮೇಕರನ್ನು ಮನೆಯ ಸಾದಾ 150 ಎಎಚ್ ಬ್ಯಾಟರಿ ಎರಡು ರಾತ್ರಿಯಾದರೂ ನಡೆಸುತ್ತದೆ. ಲೈಟ್ ಬೇಡ, ಹವಳಕ್ಕೆ ಎರಡು ದಿನ ಕತ್ತಲೆ ಲೆಕ್ಕವಲ್ಲ, ಮೋಡದ ದಿನ ಕಡಲಿನಲ್ಲೂ ಇರುತ್ತವೆ. ಚಿಲ್ಲರ್ ಬೇಡ, ಮಳೆಯ ರಾತ್ರಿ ತಂಪೇ. ಬ್ಯಾಟರಿಯ ಸಣ್ಣ ಗಾಳಿ ಪಂಪ್ ಒಂದು ಕಪಾಟಿನಲ್ಲಿ ಇರಲಿ. ಆ ಹೊತ್ತಿನಲ್ಲಿ ಆಹಾರ ಹಾಕಬೇಡಿ.

ಮೀನು ಮಾರ್ಕೆಟಿನಿಂದ ತಂದದ್ದನ್ನು ತಿನ್ನಿಸಬಹುದಾ?

ಇದು ನಮಗೆ ಮಾತ್ರ ಸಿಗುವ ಭಾಗ್ಯ. ಸಿಗಡಿ, ಮರುವಾಯಿ, ಬೊಂಡಾಸ್ ತಾಜಾ ತಂದು ಆರ್‌ಒ ನೀರಿನಲ್ಲಿ ತೊಳೆದು, ಸಣ್ಣಗೆ ಕೊಚ್ಚಿ, ತೆಳುವಾಗಿ ಫ್ರೀಜ್ ಮಾಡಿ. ಎರಡು ವಾರ ಹಾಗೇ ಇಟ್ಟು ನಂತರ ಕೊಡಿ. ಬಂಗುಡೆ, ಬೂತಾಯಿ ಬೇಡ, ಎಣ್ಣೆ ನೀರಿನ ಮೇಲೆ ಪೊರೆ ಕಟ್ಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೇ ಕೊನೆಗೆ ಸ್ವಲ್ಪ ಜಾಸ್ತಿ ಮಾಡಿಟ್ಟುಕೊಳ್ಳಿ.

ಕ್ಯಾಲ್ಸಿಯಂಗೆ ಎಲೆಯಡಿಕೆ ಸುಣ್ಣ ಹಾಕಿದರೆ ಆಗುವುದಿಲ್ವಾ? ಅಂಗಡಿಯ ರೀಫ್ ಸುಣ್ಣವೂ ಅದೂ ಒಂದೇ ಅಲ್ವಾ?

ಮೂಲ ವಸ್ತು ಒಂದೇ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ರೀಫ್ ಸಾಕುವವರು ಅದರ ತಿಳಿನೀರನ್ನು ಬಳಸುವುದೂ ನಿಜ. ಆದರೆ ತಿನ್ನುವ ಸುಣ್ಣದಲ್ಲಿ ಬೇರೆ ಏನೇನು ಬೆರೆತಿದೆ ಅಂತ ಯಾರಿಗೂ ಹೇಳಲಾಗುವುದಿಲ್ಲ. ಶುದ್ಧ ದರ್ಜೆಯದ್ದೇ ತಗೊಳ್ಳಿ. ಅದರ ಪಿಎಚ್ 12ರ ಮೇಲಿರುತ್ತದೆ, ಹನಿ ಹನಿಯಾಗಿ ಮಾತ್ರ ಬಿಡಬೇಕು. ಇನ್ನೊಂದು ಮಾತು, ಮೆದು ಹವಳದ ಟ್ಯಾಂಕಿಗೆ ವಾರದ ನೀರು ಬದಲಾವಣೆಯೇ ಸಾಕಾಗುತ್ತದೆ. ಆಲ್ಕಲಿನಿಟಿ (ನೀರಿನ ಕ್ಷಾರತೆ) ಅದರ ಮಾನವಾದ ಡಿಕೆಎಚ್‌ನಲ್ಲಿ 8–9, ಕ್ಯಾಲ್ಸಿಯಂ 420 ಪಿಪಿಎಂ, ಮೆಗ್ನೀಸಿಯಂ 1300 ಪಿಪಿಎಂ ಆಸುಪಾಸು ಇದ್ದರೆ ಸುಣ್ಣದ ಡಬ್ಬಿ ಮುಟ್ಟಬೇಡಿ.

ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತಂದಿದ್ದೇನೆ. ಆದರೂ ಹವಳ ಅರಳುತ್ತಿಲ್ಲ.

ಸೊನ್ನೆ ತಂದದ್ದೇ ಕಾರಣ ಇರಬಹುದು. ಹವಳದ ಪಾಚಿಗೂ ಗೊಬ್ಬರ ಬೇಕು. ನೈಟ್ರೇಟ್ 5–10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂವರೆಗೆ ಇರಲಿ. ಸೊನ್ನೆಯಾದ ನೀರಿನಲ್ಲಿ ಡೈನೋ ಎಂಬ ಕಂದು ಲೋಳೆ ಮರಳಿನ ಮೇಲೆ ಹಬ್ಬುತ್ತದೆ, ಅದನ್ನು ಓಡಿಸುವುದು ಪಾಚಿಗಿಂತ ಕಷ್ಟ. ಮೀನಿಗೆ ಸ್ವಲ್ಪ ಜಾಸ್ತಿ ತಿನ್ನಿಸಿ, ಸ್ಕಿಮ್ಮರನ್ನು ಕೆಲವು ಗಂಟೆ ನಿಲ್ಲಿಸಿ.

ಝೋವಾಂತಿಡ್ ಕಲ್ಲು ಕತ್ತರಿಸಿ ಸ್ನೇಹಿತರಿಗೆ ಕೊಡಬೇಕು. ಹೇಗೆ?

ಮೊದಲು ಕೈಗವಸು ಮತ್ತು ಕನ್ನಡಕ. ಕೆಲವು ಝೋವಾಂತಿಡ್‌ಗಳಲ್ಲಿ, ಅದರಲ್ಲೂ ಪಾಲಿಥೋವಾಗಳಲ್ಲಿ, ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಕತ್ತರಿಸುವಾಗ ರಸ ಕಣ್ಣಿಗೆ, ಗಾಯಕ್ಕೆ ತಾಗಬಾರದು. ಗಾಳಿಯಾಡುವ ಜಾಗದಲ್ಲಿ, ಬಕೆಟಿನ ಉಪ್ಪುನೀರಿನ ಒಳಗೇ ಕತ್ತರಿಸಿ, ಆ ನೀರನ್ನು ಟ್ಯಾಂಕಿಗೆ ಹಾಕಬೇಡಿ. ಅವು ಅಂಟಿದ ಕಲ್ಲನ್ನು ಯಾವತ್ತೂ ಕುದಿಸಬೇಡಿ, ಬಿಸಿನೀರು ಹೊಯ್ಯಬೇಡಿ. ಆವಿಯನ್ನು ಉಸಿರಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಕೆಲಸ ಆದ ಮೇಲೆ ಜ್ವರ, ಬಾಯಿಯಲ್ಲಿ ಲೋಹದ ರುಚಿ, ಉಸಿರಾಟದ ಕಷ್ಟ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಪಾಲಿಟಾಕ್ಸಿನ್ ಅಂತ ಹೆಸರು ಹೇಳಿ, ಬೇಕಾದರೆ ಚೀಟಿಯಲ್ಲಿ ಬರೆದುಕೊಂಡೇ ಹೋಗಿ.

ಊರಲ್ಲಿ ನೇಮ, ಮದುವೆ ಅಂತ ಹತ್ತು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಟ್ಯಾಂಕ್ ಬಿಟ್ಟು ಹೋಗಬಹುದಾ?

ಹೋಗಬಹುದು, ತಯಾರಿ ಎರಡು ವಾರ ಮೊದಲು ಶುರುವಾಗಬೇಕು. ಹೊರಡುವ ವಾರ ಹೊಸ ಮೀನು, ಹೊಸ ಉಪಕರಣ ಏನೂ ಬೇಡ. ಟಾಪ್‌ಅಪ್ ಡಬ್ಬದಲ್ಲಿ 50 ಲೀಟರ್ ಇರಲಿ. ಆದರೆ ಅದರ ಪಂಪ್ ಕೆಟ್ಟು ಎಲ್ಲವೂ ಒಮ್ಮೆಲೇ ಸುರಿದರೆ ಸಂಪ್ ಉಕ್ಕದ ಹಾಗೆ ಎರಡನೇ ಫ್ಲೋಟ್ ಸ್ವಿಚ್ ಹಾಕಿ. ಆಟೋ ಫೀಡರ್‌ನಲ್ಲಿ ಒಣ ಆಹಾರ, ದಿನಕ್ಕೊಂದು ಸಲ ಸಾಕು. ನಮ್ಮ ತೇವದಲ್ಲಿ ಅದು ಮುದ್ದೆಯಾಗುತ್ತದೆ, ಹಾಗಾಗಿ ನೀರಿನಿಂದ ಎತ್ತರದಲ್ಲಿ ಇಟ್ಟು, ಮನೆಯಲ್ಲಿ ಇರುವಾಗಲೇ ನಾಲ್ಕು ದಿನ ಓಡಿಸಿ ನೋಡಿ.

ಪಕ್ಕದ ಮನೆಯವರಿಗೆ ಕೀ ಕೊಟ್ಟು ಮೂರೇ ಕೆಲಸ ಹೇಳಿ: ಥರ್ಮಾಮೀಟರ್ ನೋಡುವುದು, ನೀರು ಅಲುಗಾಡುತ್ತಿದೆಯಾ ನೋಡುವುದು, ನೆಲ ಒದ್ದೆಯಾಗಿದೆಯಾ ನೋಡುವುದು. 29 ಡಿಗ್ರಿ ದಾಟಿದರೆ ಫೋನ್ ಮಾಡಲಿ. ಮೀನಿಗೆ ತಿನ್ನಿಸುವ ಕೆಲಸ ಮಾತ್ರ ಅವರಿಗೆ ಕೊಡಬೇಡಿ, ಪ್ರೀತಿಯಿಂದ ಜಾಸ್ತಿಯೇ ಹಾಕುತ್ತಾರೆ.